ದೊಡ್ಡ ಉದ್ದಿಮೆ ಯೋಜನೆಗಳಿಗೆ ಪೂರ್ವಸಿದ್ಧತೆಯ ಮಹತ್ವ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಅರ್ಜಿದಾರರಿಗೆ ಮಾಹಿತಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದಲ್ಲಿ ಕೃಷಿ ಉತ್ಪನ್ನಗಳನ್ನು ಆಧರಿಸಿದ ಉದ್ದಿಮೆಗಳಿಗೆ ಉತ್ತಮ ಅವಕಾಶವಿರುತ್ತದೆ. ತೊಗರಿ, ಲಿಂಬೆ, ಕಬ್ಬು ಹಾಗೂ ದ್ರಾಕ್ಷಿ ಈ ಭಾಗದ ಪ್ರಮುಖ ಬೆಳೆಗಳಾಗಿವೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬೇಳೆ ಗಿರಣಿ, ಶೈತ್ಯಾಗಾರ, ಒಣದ್ರಾಕ್ಷಿ ಅಥವಾ ಲಿಂಬೆ ಸಂಸ್ಕರಣಾ ಘಟಕಗಳನ್ನು ಸ್ಥಾಪಿಸಲು ಬಯಸುವವರು ಜಮೀನು ಖರೀದಿ ಹಾಗೂ ಬ್ಯಾಂಕ್ ಸಾಲಕ್ಕೆ ಮುಂಚಿತವಾಗಿಯೇ ಕೈಗೊಳ್ಳಬೇಕಾದ ಸಿದ್ಧತೆಗಳನ್ನು ಇಲ್ಲಿ ವಿವರಿಸಲಾಗಿದೆ.

ಸುಗ್ಗಿಯಿಂದ ಹಿಂದಕ್ಕೆ ಲೆಕ್ಕ

ಕೃಷಿ ಆಧಾರಿತ ಉದ್ದಿಮೆಗೆ ಕಚ್ಚಾ ಮಾಲು ವರ್ಷವಿಡೀ ಒಂದೇ ದರದಲ್ಲಿ ದೊರೆಯುವುದಿಲ್ಲ. ತೊಗರಿ ರಾಶಿ ಸಾಮಾನ್ಯವಾಗಿ ಡಿಸೆಂಬರ್ ಮತ್ತು ಜನವರಿಯಲ್ಲಿ ನಡೆಯುತ್ತದೆ. ಲಿಂಬೆಯ ದರ ಮಳೆಗಾಲದಲ್ಲಿ ಇಳಿದು ಬೇಸಿಗೆಯಲ್ಲಿ ಏರುತ್ತದೆ. ಗಿರಣಿಯ ಕಟ್ಟಡ ಮುಗಿದು ಯಂತ್ರಗಳು ಬಂದಿದ್ದರೂ ವಿದ್ಯುತ್ ಸಂಪರ್ಕ ಫೆಬ್ರವರಿಯಲ್ಲಿ ದೊರೆತಲ್ಲಿ, ವಿಳಂಬವಾದದ್ದು ಎರಡು ತಿಂಗಳು ಮಾತ್ರ. ಆದರೆ ಕೈತಪ್ಪುವುದು ಒಂದು ಇಡೀ ಹಂಗಾಮು.

ಸಾಲದ ಬಡ್ಡಿ ಮಾತ್ರ ಹಂಗಾಮಿಗಾಗಿ ಕಾಯುವುದಿಲ್ಲ. ಉದಾಹರಣೆಗೆ, ವಾರ್ಷಿಕ ಶೇ. 10ರ ದರದಲ್ಲಿ ರೂ. 1 ಕೋಟಿ ಸಾಲ ಪಡೆದಿದ್ದಲ್ಲಿ ತಿಂಗಳಿಗೆ ಸುಮಾರು ರೂ. 83 ಸಾವಿರ, ವರ್ಷಕ್ಕೆ ರೂ. 10 ಲಕ್ಷ ಬಡ್ಡಿಯಾಗುತ್ತದೆ. ಆದುದರಿಂದ ಉತ್ಪಾದನೆ ಆರಂಭವಾಗಬೇಕಾದ ತಿಂಗಳನ್ನು ಮೊದಲು ನಿಗದಿಪಡಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಪ್ರತಿಯೊಂದು ಅನುಮತಿಗೂ ಅರ್ಜಿ ಸಲ್ಲಿಸುವ ದಿನಾಂಕವನ್ನು ಗೊತ್ತುಪಡಿಸಿಕೊಳ್ಳುವುದು ಸೂಕ್ತ.

ಜಮೀನು ಖರೀದಿಗೆ ಮುನ್ನ

1. ಪಹಣಿ (ಉತಾರ), ಹಕ್ಕು ಬದಲಾವಣೆ ದಾಖಲೆ ಮತ್ತು ಋಣಭಾರ ಪ್ರಮಾಣಪತ್ರಗಳನ್ನು ಪರಿಶೀಲಿಸತಕ್ಕದ್ದು. ಪಹಣಿಯಲ್ಲಿ ಜಂಟಿ ಹೆಸರುಗಳಿದ್ದಲ್ಲಿ ಪೋಡಿ ಹಾಗೂ ಹದ್ದುಬಸ್ತು ಕಾರ್ಯವನ್ನು ಮೊದಲೇ ಪೂರೈಸಿಕೊಳ್ಳಬೇಕು.

2. ಜಮೀನು ಮುಳುಗಡೆ ಅಥವಾ ಕಾಲುವೆಯ ಭೂಸ್ವಾಧೀನ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಆಲಮಟ್ಟಿ ಅಣೆಕಟ್ಟಿನಲ್ಲಿ ಪ್ರಸ್ತುತ 519.60 ಮೀಟರ್ ಮಟ್ಟದವರೆಗೆ ನೀರು ಸಂಗ್ರಹಿಸಲಾಗುತ್ತಿದೆ. ಕೃಷ್ಣಾ ಜಲವಿವಾದ ಎರಡನೇ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಇದನ್ನು 524.256 ಮೀಟರ್‌ಗೆ ಎತ್ತರಿಸಲು ಅವಕಾಶ ನೀಡಿದೆ. ಇದರಿಂದ ಮುಳುಗಡೆಯಾಗುವ ಸುಮಾರು 75 ಸಾವಿರ ಎಕರೆ ಜಮೀನಿನ ಪರಿಹಾರದ ಕುರಿತು ರಾಜ್ಯ ಸಚಿವ ಸಂಪುಟವು 2025ರಲ್ಲಿ ತೀರ್ಮಾನ ಕೈಗೊಂಡಿದೆ. ಹಿನ್ನೀರಿನ ಸಮೀಪದ ಜಮೀನು ನೀರಿನ ಅನುಕೂಲದಿಂದ ಆಕರ್ಷಕವಾಗಿ ಕಂಡರೂ, ಈ ಎರಡು ಮಟ್ಟಗಳ ನಡುವೆ ಇದ್ದಲ್ಲಿ ಅಲ್ಲಿ ಕಟ್ಟಡ ನಿರ್ಮಿಸುವುದು ಹಿತಕರವಲ್ಲ. ಸರ್ವೆ ನಂಬರಿನೊಂದಿಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ಭೂಸ್ವಾಧೀನ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

3. ಕೃಷಿ ಜಮೀನನ್ನು ಕೈಗಾರಿಕೆಗೆ ಬಳಸಲು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 95ರ ನಿಯಮಗಳು ಅನ್ವಯಿಸುತ್ತವೆ. ಈ ಕಲಮಿಗೆ ಕಾಲಕಾಲಕ್ಕೆ ತಿದ್ದುಪಡಿಗಳಾಗಿರುವುದರಿಂದ ಹಿಂದಿನ ಪ್ರಕರಣಗಳನ್ನು ಆಧಾರವಾಗಿಟ್ಟುಕೊಳ್ಳದೆ ಪ್ರಚಲಿತ ನಿಯಮವನ್ನು ತಿಳಿದುಕೊಳ್ಳಬೇಕು. ನೀರಾವರಿ ಅಚ್ಚುಕಟ್ಟಿನ ಜಮೀನಿದ್ದಲ್ಲಿ ಈ ವಿಚಾರಣೆ ಇನ್ನೂ ಅವಶ್ಯ.

4. ಹೊಸ ತಾಲ್ಲೂಕುಗಳ ರಚನೆಯಿಂದ ಕೆಲವು ಗ್ರಾಮಗಳ ಕಚೇರಿ ಬದಲಾಗಿರುತ್ತದೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ತಾಲ್ಲೂಕುಗಳು ರಚನೆಯಾಗಿವೆ. ಗ್ರಾಮವು ಯಾವ ತಹಶೀಲ್ದಾರರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಅರ್ಜಿಯಲ್ಲಿ ಸರಿಯಾಗಿ ನಮೂದಿಸಬೇಕು.

ಏಕಗವಾಕ್ಷಿ ವ್ಯವಸ್ಥೆ

ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಅಧಿನಿಯಮ, 2002ರ ಮೇರೆಗೆ ರೂ. 15 ಕೋಟಿವರೆಗಿನ ಬಂಡವಾಳದ ಯೋಜನೆಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯು ಪರಿಶೀಲಿಸುತ್ತದೆ. ಅರ್ಜಿಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಮಂಡಿಸಲಾಗುತ್ತದೆ. ಇದಕ್ಕಿಂತ ಹೆಚ್ಚಿನ ಬಂಡವಾಳದ ಯೋಜನೆಗಳು ರಾಜ್ಯ ಮಟ್ಟದ ಸಮಿತಿಗಳ ಮುಂದೆ ಹೋಗುತ್ತವೆ. 2020ರ ತಿದ್ದುಪಡಿಯಂತೆ, ಸಮಿತಿಯ ಅನುಮೋದನೆ ಪಡೆದವರು ಅಫಿಡವಿಟ್ ಸಲ್ಲಿಸಿ, ರಾಜ್ಯ ಕಾನೂನುಗಳಡಿಯ ಕೆಲವು ಅನುಮತಿಗಳನ್ನು ನಂತರದಲ್ಲಿ ಪಡೆಯಲು ಅವಕಾಶವಿದೆ. ಇದು ತಾತ್ಕಾಲಿಕ ವಿನಾಯಿತಿಯೇ ಹೊರತು ಅನುಮತಿಯ ಅವಶ್ಯಕತೆ ತಪ್ಪುವುದಿಲ್ಲ.

ಸಮಿತಿಯ ಮುಂದೆ ಹೋಗುವ ಯೋಜನಾ ವರದಿಯಲ್ಲಿ ಜಮೀನಿನ ವಿಸ್ತೀರ್ಣ, ವಿದ್ಯುತ್ ಬೇಡಿಕೆ, ದಿನವೊಂದಕ್ಕೆ ಬೇಕಾಗುವ ನೀರು, ತ್ಯಾಜ್ಯ ವಿಲೇವಾರಿ ಮತ್ತು ಬಂಡವಾಳದ ಮೂಲಗಳು ಸ್ಪಷ್ಟವಾಗಿರಬೇಕು. ಬ್ಯಾಂಕಿಗೆ ಒಂದು, ಸಮಿತಿಗೆ ಮತ್ತೊಂದು ಅಂಕಿ ನೀಡಿದಲ್ಲಿ ಕಡತವು ಸ್ಪಷ್ಟನೆಗಾಗಿ ಮರಳಿ ಬರುವ ಸಂಭವವಿರುತ್ತದೆ.

ಏಕಕಾಲದಲ್ಲಿ ನಡೆಯಬಹುದಾದ ಕಾರ್ಯಗಳು

ಜಮೀನು ನಿಗದಿಯಾದ ನಂತರ ಈ ಕೆಳಗಿನವುಗಳನ್ನು ಒಂದರ ನಂತರ ಒಂದರಂತೆ ಕಾಯದೆ ಒಟ್ಟಿಗೆ ಕೈಗೊಳ್ಳಬಹುದು:

• ವಿದ್ಯುತ್ ಹೊರೆಯ ಬಗ್ಗೆ ಹೆಸ್ಕಾಂಗೆ ಅರ್ಜಿ. ಪ್ರತ್ಯೇಕ ಮಾರ್ಗ ಎಳೆಯಬೇಕಾದಲ್ಲಿ ಅದರ ವೆಚ್ಚವನ್ನು ಯೋಜನಾ ವರದಿಯಲ್ಲಿ ಸೇರಿಸತಕ್ಕದ್ದು.
• ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಉದ್ದಿಮೆಯ ವರ್ಗವನ್ನು ತಿಳಿದು, ಅವಶ್ಯವಿದ್ದಲ್ಲಿ ಸ್ಥಾಪನಾ ಸಮ್ಮತಿ ಪಡೆಯುವುದು.
• ಕೊಳವೆಬಾವಿಯನ್ನು ಅವಲಂಬಿಸುವುದಾದಲ್ಲಿ ಅಂತರ್ಜಲ ಬಳಕೆಯ ಅನುಮತಿಯ ಬಗ್ಗೆ ವಿಚಾರಣೆ. ಕಡುಬೇಸಿಗೆಯ ಇಳುವರಿಯನ್ನೇ ಲೆಕ್ಕಕ್ಕೆ ಹಿಡಿಯುವುದು ಸುರಕ್ಷಿತ.
• ಉದ್ಯಮ್ ನೋಂದಣಿ ಹಾಗೂ ಆಹಾರ ಘಟಕಗಳಿಗೆ ಆಹಾರ ಸುರಕ್ಷತಾ ಪರವಾನಗಿಗೆ ದಾಖಲೆಗಳ ಸಿದ್ಧತೆ.

ಸಹಾಯಧನ ಬಯಸುವವರು ಯೋಜನೆಯ ಷರತ್ತುಗಳನ್ನು ಸಾಲ ಮಂಜೂರಾತಿ ಹಾಗೂ ಯಂತ್ರ ಖರೀದಿಗೆ ಮೊದಲೇ ಓದಿಕೊಳ್ಳಬೇಕು. ಸಹಾಯಧನವು ಬರುವವರೆಗೆ ನಡೆಸಲು ಬೇಕಾದ ದುಡಿಯುವ ಬಂಡವಾಳವನ್ನು ಪ್ರತ್ಯೇಕವಾಗಿ ಕಾಯ್ದಿರಿಸಿಕೊಳ್ಳುವುದು ಒಳಿತು.

ಜಮೀನಿನ ಮುಂಗಡ ನೀಡುವ ಮೊದಲು ಪಹಣಿ ಪ್ರತಿ ಹಾಗೂ ಒಂದು ಪುಟದ ಯೋಜನಾ ಟಿಪ್ಪಣಿಯೊಂದಿಗೆ ವಿಜಯಪುರದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ. ಜಮೀನಿನ ದೋಷ ಈ ಹಂತದಲ್ಲಿ ತಿಳಿದುಬಂದಲ್ಲಿ ಬೇರೆ ಜಮೀನು ನೋಡಬಹುದು. ಕಟ್ಟಡ ಎದ್ದ ಮೇಲೆ ತಿಳಿದಲ್ಲಿ ಆ ಅವಕಾಶವಿರುವುದಿಲ್ಲ.