ಹೊಗೆ ನೆಲಕ್ಕಿಳಿಯುವ ಹೊತ್ತು

ಭದ್ರಾವತಿಯಲ್ಲಿ ಚಿಮಣಿ ನೋಡದೆ ಬೆಳೆದವರು ಕಡಿಮೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು. ಚಿಮಣಿ ಅದೇ, ಒಳಗಿನ ಕೆಲಸವೂ ಅದೇ. ಆದರೂ ಹೊಗೆ ಒಂದು ದಿನ ಮೇಲೇರಿ ಕಣ್ಮರೆಯಾಗುತ್ತದೆ, ಮತ್ತೊಂದು ದಿನ ಊರ ಮೇಲೇ ಕವಿಯುತ್ತದೆ.

ಚಿಮಣಿಯ ಬಾಯಿಂದ ಹೊರಬೀಳುವ ಅನಿಲಕ್ಕೆ ಎರಡು ಬಲಗಳಿರುತ್ತವೆ: ಹೊರನುಗ್ಗುವ ವೇಗ ಮತ್ತು ಬಿಸಿ. ಹೊರಗಿನ ಗಾಳಿ 25 ಡಿಗ್ರಿ ಸೆಲ್ಸಿಯಸ್, ಹೊಗೆ 150 ಡಿಗ್ರಿ ಇದ್ದರೆ ಹೊಗೆಯ ಸಾಂದ್ರತೆ ಗಾಳಿಗಿಂತ ಸುಮಾರು ಶೇ. 30ರಷ್ಟು ಕಡಿಮೆ. ವೇಗ ಬೇಗ ಸೋಲುತ್ತದೆ, ಬಿಸಿಯ ಬಲ ಬಹಳ ಹೊತ್ತು ಉಳಿಯುತ್ತದೆ. ಆದ್ದರಿಂದ ಹೊಗೆ ಚಿಮಣಿಯ ತುದಿಗಿಂತ ಎಷ್ಟೋ ಮೇಲಕ್ಕೆ ಏರಿ, ಆಮೇಲೆ ಗಾಳಿಯೊಂದಿಗೆ ಅಡ್ಡಕ್ಕೆ ಹರಿಯುತ್ತದೆ. ಚಿಮಣಿಯ ಎತ್ತರಕ್ಕೆ ಈ ಏರಿಕೆಯನ್ನು ಕೂಡಿಸಿದಾಗ ಸಿಗುವುದೇ ಹೊಗೆಯ ನಿಜವಾದ ಎತ್ತರ. ಲೆಕ್ಕದ ಪ್ರಕಾರ ಅದು ಇಮ್ಮಡಿಯಾದರೆ ನೆಲದ ಮೇಲೆ ಬೀಳುವ ಗರಿಷ್ಠ ಮಾಲಿನ್ಯ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ.

ಆದರೆ ಮೇಲೇರಿದ ಹೊಗೆಯ ಗತಿಯನ್ನು ನಿರ್ಧರಿಸುವುದು ಗಾಳಿಯ ಪದರಗಳು. ಬಿಸಿಲಿನ ಮಧ್ಯಾಹ್ನ ನೆಲ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಕಾದು ಮೇಲೇಳುತ್ತದೆ, ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ. ಈ ಕಡೆದಾಟದಲ್ಲಿ ಹೊಗೆ ಅಲೆಅಲೆಯಾಗಿ ಮೇಲೆ ಕೆಳಗೆ ತೂಗಾಡುತ್ತದೆ. ಆಗಾಗ ಹತ್ತಿರದಲ್ಲೇ ನೆಲ ಮುಟ್ಟಿದರೂ ಬೇಗ ತೆಳುವಾಗುತ್ತದೆ. ರಾತ್ರಿ ಎಲ್ಲವೂ ತಿರುವುಮುರುವು. ತಿಳಿಯಾದ ಆಕಾಶದ ಕೆಳಗೆ ನೆಲ ತನ್ನ ಬಿಸಿಯನ್ನು ಬಿಟ್ಟುಕೊಡುತ್ತದೆ. ಕೆಳಗಿನ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಪದರ ಕುಳಿತುಬಿಡುತ್ತದೆ. ಇದು ಉಷ್ಣತೆಯ ವಿಲೋಮ. ಇಂಥ ಗಾಳಿಯಲ್ಲಿ ಹೊಗೆ ಹಾಸಿದ ಪಂಚೆಯಂತೆ ತೆಳ್ಳಗೆ, ಅಗಲವಾಗಿ, ಹತ್ತಾರು ಕಿಲೋಮೀಟರ್ ಸಾಗಬಲ್ಲದು. ಚಿಮಣಿ ಎತ್ತರವಾಗಿದ್ದರೆ ಕೆಳಗಿನವರಿಗೆ ಆಗ ಅದರ ಸುಳಿವೂ ಇರುವುದಿಲ್ಲ.

ತೊಂದರೆ ಎದುರಾಗುವುದು ಸೂರ್ಯ ಹುಟ್ಟಿದ ಮೇಲೆ. ನೆಲ ಕಾಯತೊಡಗಿದಂತೆ ಗಾಳಿಯ ಕಲಕಾಟ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಅದು ಹೊಗೆಯ ಪಟ್ಟಿಯನ್ನು ಮುಟ್ಟಿದ ಕೂಡಲೇ ರಾತ್ರಿಯ ಹೊಗೆ ನೆಲಕ್ಕೆ ಇಳಿಯುತ್ತದೆ. ಮೇಲೆ ಬೆಚ್ಚನೆಯ ಪದರದ ಮುಚ್ಚಳ ಇನ್ನೂ ಇರುವುದರಿಂದ ಅದಕ್ಕೆ ಮೇಲೆ ದಾರಿಯಿಲ್ಲ. ಈ ಸ್ಥಿತಿ ಅರ್ಧ ಗಂಟೆಯೋ ಒಂದು ಗಂಟೆಯೋ ಇರುತ್ತದೆ, ಅದೂ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ. ಭದ್ರಾ ನದಿಯ ಅಕ್ಕಪಕ್ಕದ ತಗ್ಗುಗಳಲ್ಲಿ ಚಳಿಗಾಲದ ತಂಪು ಗಾಳಿ ಸುಲಭವಾಗಿ ಮಡುಗಟ್ಟುತ್ತದೆ. ಹಾಗಾಗಿ ಡಿಸೆಂಬರ್, ಜನವರಿಯ ಬೆಳಗುಗಳನ್ನು ಬೇರೆಯಾಗಿಯೇ ನೋಡಬೇಕು.

ಗುಡ್ಡಗಳ ಲೆಕ್ಕವೂ ಬೇರೆ. ಶಿವಮೊಗ್ಗದ ರಾಗಿಗುಡ್ಡದಂಥ ಏರುನೆಲದಲ್ಲಿ ಮನೆ ಮಾಡಿದವರು ಬಯಲಿನವರಿಗಿಂತ ಹೊಗೆಯ ಮಟ್ಟಕ್ಕೆ ಅಷ್ಟು ಹತ್ತಿರ. ರಾತ್ರಿಯ ಮಂದ ಗಾಳಿಗೆ ಗುಡ್ಡ ಹತ್ತುವ ಕಸುವಿರುವುದಿಲ್ಲ. ಅದು ಗುಡ್ಡವನ್ನು ಬಳಸಿ ಹೋಗುತ್ತದೆ, ಇಲ್ಲವೇ ಹೊಗೆಯ ಸಮೇತ ಇಳಿಜಾರಿಗೆ ಬಡಿಯುತ್ತದೆ. ಶಿವಮೊಗ್ಗ, ಭದ್ರಾವತಿಗಳ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಇರುವಾಗ, ಬಯಲಿನ ಸೂತ್ರ ಒಂದನ್ನೇ ನಂಬಿ ಲೆಕ್ಕ ಹಾಕುವುದು ಸಾಲದು. ಮುಂಗಾರಿನ ಪಶ್ಚಿಮ, ನೈಋತ್ಯ ಗಾಳಿ ಭದ್ರಾವತಿಯ ಹೊಗೆಯನ್ನು ಚನ್ನಗಿರಿಯ ದಿಕ್ಕಿಗೆ ತಳ್ಳುತ್ತದೆ. ಚಳಿಗಾಲದ ಮೂಡಣ ಗಾಳಿಗೆ ಅದು ಶಿವಮೊಗ್ಗದ ಕಡೆ ವಾಲುತ್ತದೆ.

ಹಾಗಾದರೆ ಚಿಮಣಿಯನ್ನು ಇನ್ನೂ ಎತ್ತರಿಸಿದರೆ ಆಗದೇ? ನಮ್ಮ ದೇಶದ ನಿಯಮದಲ್ಲಿ ಚಿಮಣಿಯ ಎತ್ತರಕ್ಕೆ ಒಂದು ಸೂತ್ರವಿದೆ: ಗಂಟೆಗೆ ಹೊರಬೀಳುವ ಗಂಧಕದ ಡೈಆಕ್ಸೈಡ್ ಎಷ್ಟು ಕಿಲೋ ಎಂದು ನೋಡಿ, ಅದರ 0.3ನೇ ಘಾತವನ್ನು 14ರಿಂದ ಗುಣಿಸಬೇಕು. 100 ಕಿಲೋಗೆ ಸುಮಾರು 56 ಮೀಟರ್ ಬರುತ್ತದೆ. 200 ಕಿಲೋ ಆದರೆ 69 ಮೀಟರ್. ವಿಷ ಇಮ್ಮಡಿಯಾದರೂ ಎತ್ತರ ಕಾಲುಪಾಲಿನಷ್ಟೂ ಹೆಚ್ಚುವುದಿಲ್ಲ. ಕೆನಡಾದ ಸಡ್ಬರಿಯಲ್ಲಿ 1972ರಲ್ಲಿ 381 ಮೀಟರಿನ ಚಿಮಣಿ ಕಟ್ಟಿದರು. ಸುತ್ತಲಿನ ಗಾಳಿ ಸುಧಾರಿಸಿತು, ಗಂಧಕ ಮಾತ್ರ ದೂರ ಹೋಗಿ ಬಿತ್ತು. ಅದನ್ನು ಒಲೆಯ ಬುಡದಲ್ಲೇ ಹಿಡಿಯುವ ಕೆಲಸ ಆಮೇಲೆ ಆಗಲೇಬೇಕಾಯಿತು.

ಬುಡದಲ್ಲೇ ಹಿಡಿಯುವ ವಿದ್ಯೆ ಭದ್ರಾವತಿಗೆ ಹಳೆಯದು. ಕಲ್ಲಿದ್ದಲಿನ ಬದಲು ಮಲೆನಾಡಿನ ಮರದಿಂದ ಇದ್ದಿಲು ಸುಟ್ಟು ಕಬ್ಬಿಣ ಕರಗಿಸುತ್ತಿದ್ದ ಕಾಲದಲ್ಲಿ, ಮರ ಬೇಯುವಾಗ ಏಳುವ ಆವಿಯನ್ನು ಅಲ್ಲಿ ತಣಿಸಿ ಮೀಥೈಲ್ ಆಲ್ಕೋಹಾಲ್, ಅಸಿಟೇಟ್, ಟಾರು ತೆಗೆಯುತ್ತಿದ್ದರು. ಕಾಡು ತೆತ್ತ ಬೆಲೆ ದೊಡ್ಡದು, ಅದನ್ನು ಮರೆಯುವಂತಿಲ್ಲ. ಆದರೂ ಹೊಗೆಯಾಗಿ ಹೋಗಬಹುದಾಗಿದ್ದ ಆವಿಯನ್ನು ಸರಕಾಗಿಸಿದ ಆ ತಂತ್ರ ಮೆಚ್ಚುವಂಥದ್ದು.

ಇಂದು ಬದಲಾಗಬೇಕಾದದ್ದು ಅಳೆಯುವ ಕ್ರಮ. 2009ರ ರಾಷ್ಟ್ರೀಯ ಮಾನದಂಡ ಗಂಧಕದ ಡೈಆಕ್ಸೈಡನ್ನು 24 ಗಂಟೆಗಳ ಸರಾಸರಿಯಲ್ಲಿ ನೋಡುತ್ತದೆ. ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ. ಒಂದು ಊರಿನಲ್ಲಿ ಬೆಳಗಿನ ಒಂದು ಗಂಟೆ 600, ಉಳಿದ 23 ಗಂಟೆ 20 ಇದೆ ಎಂದಿಟ್ಟುಕೊಳ್ಳಿ. ಸರಾಸರಿ 44 ಆಗುತ್ತದೆ, ಕಾಗದದ ಮೇಲೆ ಗಾಳಿ ಶುದ್ಧ. ಆ ಒಂದು ಗಂಟೆ ಉಬ್ಬಸದ ಮಗುವೊಂದು ಬಸ್ಸಿಗೆ ಕಾದು ನಿಂತಿದ್ದರೆ, ಅದು ಉಸಿರಾಡಿದ್ದು 600ರ ಗಾಳಿಯನ್ನೇ. ಚಿಮಣಿಗಳಿರುವ ಊರುಗಳಲ್ಲಿ ಗಂಟೆಗಂಟೆಯ ಅಂಕಿಗಳನ್ನು, ಮುಖ್ಯವಾಗಿ ಚಳಿಗಾಲದ ಬೆಳಗಿನವನ್ನು, ವಾರ್ಡಿನ ಜನರಿಗೆ ಕಾಣುವಂತೆ ಪ್ರಕಟಿಸಬೇಕು.