ಅನಾಮಿಕತೆಯ ಕಾವಲು

ಮನೆಯೊಳಗೆ ಕುಳಿತು ತನ್ನ ರೋಗದ ಲಕ್ಷಣಗಳನ್ನು ಅಂತರಜಾಲದಲ್ಲಿ ಹುಡುಕುವಾತನಿಗೆ ಆ ಓದು ತನ್ನೊಬ್ಬನಿಗೇ ತಿಳಿದದ್ದೆಂಬ ಭಾವನೆಯಿರುವುದು ಸಹಜವೇ ಆದರೂ, ಅವನು ಯಾವ ಜಾಲತಾಣಕ್ಕೆ ಹೋದನೆಂಬುದು ಸಂಪರ್ಕ ಒದಗಿಸುವ ಕಂಪನಿಗೂ, ಅವನ ಐಪಿ ವಿಳಾಸವು ಆ ಜಾಲತಾಣಕ್ಕೂ, ಅವನ ಹಿಂದಿನ ಸಂಚಾರದ ಜಾಡು ಅಲ್ಲಿ ನೆಲಸಿರುವ ಜಾಹೀರಾತುದಾರರಿಗೂ ಗೋಚರವಾಗುತ್ತಲೇ ಇರುತ್ತದೆ. ಈ ಜಾಡನ್ನು ಅಳಿಸಿ ಓದುಗನ ಏಕಾಂತವನ್ನು ಅವನಿಗೆ ಮರಳಿ ಕೊಡಲೆಂದು ಹುಟ್ಟಿದ ಉಪಕರಣಗಳಲ್ಲಿ ಟಾರ್ ಬ್ರೌಸರ್ ಅಗ್ರಗಣ್ಯವಾದುದು. ಅದನ್ನು ನಿರ್ಮಿಸಿದುದಕ್ಕಿಂತಲೂ ವರ್ಷವರ್ಷವೂ ಕಾಪಾಡಿಕೊಂಡು ಬರುವುದೇ ಕಠಿನತರವಾದ ವ್ರತವೆಂಬುದು ಅನೇಕರು ಗಮನಿಸದ ಸಂಗತಿ.

ಇದರ ಮೂಲತತ್ತ್ವವು 1990ರ ದಶಕದ ನಡುವಣ ವರ್ಷಗಳಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ರೂಪುಗೊಂಡಿತು. ಸಂದೇಶಕ್ಕೆ ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾಗಿ ಗೂಢಲಿಪಿಯನ್ನು ಹೊದಿಸಿ, ಬೇರೆಬೇರೆ ಕಡೆಗಳಲ್ಲಿರುವ ಮೂರು ಯಂತ್ರಗಳ ಮೂಲಕ ಸಾಗಿಸಿದಾಗ, ಒಂದೊಂದು ಯಂತ್ರವೂ ತನ್ನ ಪಾಲಿನ ಪದರವನ್ನು ಮಾತ್ರ ಬಿಚ್ಚುವುದರಿಂದ, ಮೊದಲನೆಯದು ಓದುಗನನ್ನು ಬಲ್ಲುದಾದರೂ ಅವನ ಗುರಿಯನ್ನರಿಯದು. ಕೊನೆಯದು ಗುರಿಯನ್ನು ಬಲ್ಲುದಾದರೂ ಓದುಗನನ್ನರಿಯದು. ಆ ಸಂಶೋಧಕರಲ್ಲೊಬ್ಬರಾದ ಪಾಲ್ ಸೈವರ್ಸನ್ ಅವರೊಡನೆ ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್ ಸೇರಿ ಬೆಳೆಸಿದ ಟಾರ್ ಜಾಲವು 2002ರಲ್ಲಿ ಆರಂಭವಾಯಿತು. 2006ರಲ್ಲಿ ಅದರ ಪೋಷಣೆಗೆಂದು ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದು ಸ್ಥಾಪಿತವಾಯಿತು. ಸಾಮಾನ್ಯರೂ ಬಳಸಬಲ್ಲ ಬ್ರೌಸರಿನ ಕೆಲಸ 2008ರಲ್ಲಿ ಮೊದಲಾಯಿತು.

ಆದರೆ ದಾರಿಯನ್ನು ಮರೆಮಾಡಿದ ಮಾತ್ರಕ್ಕೆ ದಾರಿಗನು ಮರೆಯಾದಂತಾಗಲಿಲ್ಲ. ಬ್ರೌಸರ್ ಕಿಟಕಿಯ ಅಳತೆ, ಯಂತ್ರದಲ್ಲಿರುವ ಅಕ್ಷರಶೈಲಿಗಳು, ಗಡಿಯಾರದ ಕಾಲವಲಯ ಇವೇ ಮೊದಲಾದ ಕ್ಷುಲ್ಲಕ ವಿವರಗಳು ಒಟ್ಟುಗೂಡಿದಾಗ, ಹೆಸರಿಲ್ಲದೆಯೇ ಒಬ್ಬನನ್ನು ಲಕ್ಷಾಂತರ ಜನರಿಂದ ಬೇರ್ಪಡಿಸಿ ತೋರಿಸಬಲ್ಲವು. ಆದಕಾರಣ ಟಾರ್ ಬ್ರೌಸರಿನ ನಿರ್ವಾಹಕರು ಬಳಕೆದಾರರನ್ನು ಅಡಗಿಸುವುದಕ್ಕಿಂತ ಎಲ್ಲರನ್ನೂ ಏಕರೂಪವಾಗಿಸುವುದಕ್ಕೇ ಹೆಚ್ಚು ಶ್ರಮಿಸುತ್ತಾರೆ. ಮೈಸೂರಿನವನ ಯಂತ್ರವೂ ಬರ್ಲಿನ್ನಿನವನ ಯಂತ್ರವೂ ಒಂದೇ ವಿಶ್ವಮಾನ್ಯ ಕಾಲವನ್ನು ಸಾರುತ್ತವೆ. 2019ರ ಒಂಬತ್ತನೆಯ ಆವೃತ್ತಿಯಿಂದೀಚೆಗೆ, ಸಾಧಾರಣ ಗಾತ್ರದ ಕಿಟಕಿಯಲ್ಲಿ ಪುಟದ ಅಗಲವು 200 ಪಿಕ್ಸೆಲ್‌ಗಳ, ಎತ್ತರವು 100 ಪಿಕ್ಸೆಲ್‌ಗಳ ಅಪವರ್ತ್ಯಕ್ಕೆ ಇಳಿಯುತ್ತದೆ: ಪುಟಕ್ಕೆ 1337 ಅಗಲ, 761 ಎತ್ತರದ ಜಾಗವಿದ್ದರೂ ಜಾಲತಾಣಕ್ಕೆ ಕಾಣುವುದು 1200, 700 ಮಾತ್ರ, ಉಳಿದದ್ದು ಬರಿಯ ಅಂಚು.

ಈ ಬ್ರೌಸರು ಫೈರ್‌ಫಾಕ್ಸಿನ ದೀರ್ಘಾವಧಿ ಆವೃತ್ತಿಯ ಮೇಲೆ ನಿಂತಿರುವುದರಿಂದ ನಿರ್ವಾಹಕರಿಗೆ ವಿಶ್ರಾಂತಿಯೆಂಬುದಿಲ್ಲ. ಹೆಚ್ಚುಕಡಮೆ ವರ್ಷಕ್ಕೊಮ್ಮೆ ಬುನಾದಿಯೇ ಬದಲಾಗುವಾಗ ತಮ್ಮ ತಿದ್ದುಪಡಿಗಳನ್ನೆಲ್ಲ ಹೊಸದಕ್ಕೆ ಒಗ್ಗಿಸಬೇಕು. ಜೊತೆಗೆ ಬಂದ ಪ್ರತಿಯೊಂದು ಹೊಸ ಸೌಲಭ್ಯವೂ ಎಲ್ಲಿ ಗುರುತನ್ನು ಬಯಲುಮಾಡೀತೋ ಎಂದು ಪರೀಕ್ಷಿಸಬೇಕು. 2016ರ ನವೆಂಬರಿನಲ್ಲಿ ಫೈರ್‌ಫಾಕ್ಸಿನ ಅಜ್ಞಾತ ದೋಷವೊಂದನ್ನು ಬಳಸಿ ಟಾರ್ ಬಳಕೆದಾರರ ಮೇಲೆ ದಾಳಿ ನಡೆಯುತ್ತಿರುವುದು ಬೆಳಕಿಗೆ ಬಂದ ಮರುದಿನವೇ ಪರಿಹಾರವು ಹೊರಬಿದ್ದಿತು. 2013ರ ಆಗಸ್ಟಿನಲ್ಲಿ ನಡೆದ ಇಂಥದೇ ಇನ್ನೊಂದು ದಾಳಿಯಲ್ಲಾದರೋ ದೋಷವು ಜೂನ್ ತಿಂಗಳಲ್ಲೇ ನಿವಾರಣೆಯಾಗಿತ್ತು. ಸಿಕ್ಕಿಬೀಳುವ ಅಪಾಯವಿದ್ದುದು ಹಳೆಯ ಆವೃತ್ತಿಯನ್ನು ಬದಲಿಸದೆ ಉಳಿದವರಿಗೆ. ಕಾವಲುಗಾರನ ಎಚ್ಚರವು ಬಳಸುವವನ ಎಚ್ಚರವನ್ನೂ ಬೇಡುತ್ತದೆ.

ಇನ್ನು, ಈ ಕಾವಲುಗಾರರನ್ನು ನಂಬುವುದೆಂತು? ಮೂಲಸಂಕೇತವು ಸರ್ವರಿಗೂ ತೆರೆದಿದೆಯಾದರೂ, ಅದನ್ನು ಕಂಪೈಲ್ ಮಾಡುವ, ಎಂದರೆ ಬಳಸಬಲ್ಲ ತಂತ್ರಾಂಶವಾಗಿ ಮಾರ್ಪಡಿಸುವ, ಯಂತ್ರಕ್ಕೇ ಯಾರಾದರೂ ನುಸುಳಿ ವಿಷ ಬೆರೆಸಿದರೆ, ತೆರೆದ ಸಂಕೇತವನ್ನು ಓದಿ ಫಲವೇನು? ಈ ಶಂಕೆಗೆ ಅವರು 2013ರಲ್ಲಿ ಕೊಟ್ಟ ಉತ್ತರವು ಅತ್ಯಂತ ಪ್ರಾಮಾಣಿಕವಾದುದು. ಕಂಪೈಲ್ ಆದ ಹೊತ್ತು, ಕಡತಗಳು ಜೋಡಣೆಯಾದ ಕ್ರಮ, ಯಂತ್ರದ ಹೆಸರು ಮುಂತಾದ ಆಕಸ್ಮಿಕ ಭೇದಗಳನ್ನೆಲ್ಲ ಒಂದೊಂದಾಗಿ ಹುಡುಕಿ ನಿವಾರಿಸಿ, ಯಾರು ಎಲ್ಲಿ ಕಂಪೈಲ್ ಮಾಡಿದರೂ ಫಲವು ಒಂದು ಬಿಟ್ಟೂ ವ್ಯತ್ಯಾಸವಿಲ್ಲದಂತೆ ಬರುವ ವಿಧಾನವನ್ನು ಸಾಧಿಸಿದರು. ತಮ್ಮನ್ನು ನಂಬಿರೆಂದು ಕೇಳಿಕೊಳ್ಳದೆ, ತಮ್ಮ ಮೇಲಿನ ಅನುಮಾನವನ್ನೇ ಪರೀಕ್ಷೆಗೊಡ್ಡುವ ಸಾಧನವನ್ನು ಲೋಕದ ಕೈಗಿತ್ತ ಈ ನಡತೆಯು, ಅಧಿಕಾರವುಳ್ಳ ಎಲ್ಲ ಸಂಸ್ಥೆಗಳಿಗೂ ಅನುಕರಣೀಯವೆಂದು ನಾನು ಭಾವಿಸುತ್ತೇನೆ.

ಇಷ್ಟು ಹೊರೆಯನ್ನು ಹೊತ್ತವರ ಸಂಖ್ಯೆ ಚಿಕ್ಕದು. 2020ರ ಏಪ್ರಿಲಿನಲ್ಲಿ ಸಾಂಕ್ರಾಮಿಕದ ಸಂಕಷ್ಟದಿಂದ ಸಂಸ್ಥೆಯು 13 ಮಂದಿಯನ್ನು ಕೆಲಸದಿಂದ ಬಿಡಿಸಬೇಕಾಗಿ ಬಂದು, ಉಳಿದವರು 22 ಮಂದಿ. ಸ್ವಯಂಸೇವಕರು ತಮ್ಮ ಖರ್ಚಿನಿಂದ ನಡೆಸುವ ಯಂತ್ರಗಳೂ ದಾನಿಗಳ ನೆರವೂ ಇಲ್ಲದಿದ್ದರೆ ಈ ವ್ಯವಸ್ಥೆ ನಿಲ್ಲದು.

ಮುಚ್ಚಿಡಲು ನನ್ನಲ್ಲೇನಿದೆ, ನನಗೇಕೆ ಈ ಬ್ರೌಸರ್ ಎನ್ನುವವರುಂಟು. ಪ್ರಾಣಭಯದಲ್ಲಿರುವ ಪತ್ರಕರ್ತನೂ, ಹಿಂಸೆಯ ಮನೆಯಿಂದ ಪಾರಾಗಲೆಳಸುವ ಹೆಣ್ಣುಮಗಳೂ ಮಾತ್ರ ಇದನ್ನು ಬಳಸಿದರೆ, ಬಳಸುವುದೇ ಅವರ ಗುರುತಾಗಿಬಿಡುತ್ತದೆ. ಅಡಿಗೆಯ ವಿಧಾನವನ್ನೋ ರೈಲಿನ ವೇಳೆಯನ್ನೋ ಹುಡುಕುವ ಸಾಮಾನ್ಯರು ಜೊತೆಗೂಡಿದಾಗಲೇ ಅವರಿಗೆ ಮರೆ ದೊರೆಯುವುದು. ಏಕಾಕಿಯಾದವನಿಗೆ ಅನಾಮಿಕತೆಯಿಲ್ಲ. ಅದನ್ನು ಕಾಯುವ ಕೆಲಸದಲ್ಲಿ, ಸಂಕೇತವನ್ನು ಬರೆಯಲಾರದ ನಮಗೂ ಬಳಸುವವರಾಗಿ ಒಂದು ಪಾಲುಂಟು.