ಸದ್ದಲೇ ಅಂದ ಮೇಲೆ ಶುರುವಾಗುವ ಕಥೆ

ಭರತ ಹುಣ್ಣಿಮೆ ಕಳೆದು ಎರಡು ದಿನಕ್ಕೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ, ಡೆಂಕನಮರಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದದ್ದೇ ತಡ, ಅಷ್ಟೂ ಗದ್ದಲ ಗಪ್ಪೆನ್ನುತ್ತದೆ. ಒಂದೇ ಸಾಲಿನ ಭವಿಷ್ಯವಾಣಿ, ಅಂದರೆ ಕಾರ್ಣಿಕ, ನುಡಿದು ಮೇಲಿಂದ ಬೀಳುವ ಅವನನ್ನು ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅವನ ಕೆಲಸ ಅಲ್ಲಿಗೆ ಮುಗಿಯಿತು, ಜನರದು ಶುರು.

2023ರ ಕಾರ್ಣಿಕ 'ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್'. ಕೆಲವರು ಮಳೆ-ಬೆಳೆಯ ಲೆಕ್ಕ ಹಾಕಿದರು. ಚುನಾವಣೆ ಎದುರಿಗಿತ್ತು, ರಾಜಕೀಯದವರು ಕಂಬಳಿಯನ್ನು ಸಿದ್ದರಾಮಯ್ಯನವರ ಹೆಗಲಿಗೆ ಹೊದಿಸಿದರು. ಮೇ ತಿಂಗಳಲ್ಲಿ ಅವರು ಮುಖ್ಯಮಂತ್ರಿಯಾದಾಗ 'ನಾವು ಹೇಳಿರಲಿಲ್ಲವೇ' ಎನ್ನಲು ಅನೇಕರಿದ್ದರು. ಮಳೆ-ಬೆಳೆಯ ಲೆಕ್ಕವೂ ಎಲ್ಲರದು ಒಂದೇ ಅಲ್ಲ. ಮಳೆಯೆಂದರೆ ಹರಪನಹಳ್ಳಿಯವರಿಗೆ ಮೆಕ್ಕೆಜೋಳ, ಕೂಡ್ಲಿಗಿ-ಕೊಟ್ಟೂರಿನವರಿಗೆ ಶೇಂಗಾ, ಈರುಳ್ಳಿ, ಹಡಗಲಿಯವರಿಗೆ ಮಲ್ಲಿಗೆ, ಹಗರಿಬೊಮ್ಮನಹಳ್ಳಿಯವರಿಗೆ ಮಾಲವಿ ಜಲಾಶಯ. ಸಾಲು ಒಂದೇ, ತಾಲ್ಲೂಕು ಐದು, ಕಥೆ ಐದು.

ಹೀಗೆ ನೋಡುಗರೇ ಕಥೆ ನಡೆಸುವ ಪ್ರಯೋಗವನ್ನು ಸಿನಿಮಾ ಜಗತ್ತು 1967ರ ಮಾಂಟ್ರಿಯಲ್ ಎಕ್ಸ್‌ಪೋದಲ್ಲಿ ಕಂಡಿತು. ಜೆಕ್ ನಿರ್ದೇಶಕ ರಾದೂಸ್ ಚಿಂಚೆರಾ ಅವರ 'ಕಿನೊಆಟೊಮ್ಯಾಟ್'ನಲ್ಲಿ ಚಿತ್ರ ನಡುವೆ ನಿಲ್ಲುತ್ತಿತ್ತು. ಪ್ರೇಕ್ಷಕರು ಗುಂಡಿ ಒತ್ತಿ ಮುಂದಿನದನ್ನು ಆರಿಸುತ್ತಿದ್ದರು. ಯಾವುದನ್ನು ಆರಿಸಿದರೂ ದಾರಿಗಳು ಮತ್ತೆ ಒಂದೇ ಕಡೆ ಸೇರುತ್ತಿದ್ದವು ಎಂಬುದು ಅದರ ಗುಟ್ಟು. 2010ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ಕತೆರೀನಾ ಸಿಜೆಕ್ ರೂಪಿಸಿದ 'ಔಟ್ ಮೈ ವಿಂಡೋ' ಎಂಬ ಅಂತರ್ಜಾಲ ಸಾಕ್ಷ್ಯಚಿತ್ರದಲ್ಲಿ 13 ನಗರಗಳ ಬಹುಮಹಡಿ ಮನೆಗಳಿವೆ, ಬೆಂಗಳೂರೂ ಒಂದು. ಯಾವ ಕಿಟಕಿ ಮೊದಲು ತೆರೆಯಬೇಕೆಂಬುದು ನೋಡುಗರ ಇಷ್ಟ. ಕಿಟಕಿಯ ಹಿಂದೆ ಏನಿರಬೇಕೆಂಬುದನ್ನು ತಯಾರಕರು ಮೊದಲೇ ಇಟ್ಟಿರುತ್ತಾರೆ. ಮೈಲಾರದಲ್ಲಿ ಯಾರೂ ಏನನ್ನೂ ಇಟ್ಟಿರುವುದಿಲ್ಲ.

ಚಕ್ಕಡಿ ಕಟ್ಟಿಕೊಂಡು ಬಂದವರ ಜತೆ ಊರಿಗೆ ಹೋಗುತ್ತಿದ್ದ ಕಾರ್ಣಿಕ ಮುಂದೆ ಪತ್ರಿಕೆ, ಟಿ.ವಿ. ಸೇರಿತು. ಈಗ ಗೊರವಯ್ಯ ಕೆಳಗೆ ಬೀಳುವಷ್ಟರಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್. ಹಿಂದೆ ಅರ್ಥ ಹೇಳಿದವನು ಕಟ್ಟೆಯ ಮೇಲೆ ಕೂತ ಗುರುತಿನ ಮನುಷ್ಯ. ಮಾತು ಸುಳ್ಳಾದರೆ ವರ್ಷವಿಡೀ ಊರ ಬಾಯಿಗೆ ಸಿಕ್ಕುತ್ತಿದ್ದ. ಈಗ ವಿಡಿಯೊದ ತಲೆಬರಹವೇ ಅರ್ಥ ಹೇಳಿಬಿಡುತ್ತದೆ, ಹೇಳಿದವರ ಪತ್ತೆಯಿರುವುದಿಲ್ಲ.

ಈ ಐದು ತಾಲ್ಲೂಕುಗಳ ಹುಡುಗರು ಯಾರಾದರೂ ಕಾರ್ಣಿಕದ ಬಗ್ಗೆ 'ಔಟ್ ಮೈ ವಿಂಡೋ'ದಂಥ ಸಾಕ್ಷ್ಯಚಿತ್ರ ಮಾಡುವುದಾದರೆ ಜಾತ್ರೆಯ ದಿನ ಜನ ಹೇಳಿದ ಅರ್ಥವನ್ನೂ ಮುಂದಿನ ಸುಗ್ಗಿಯಲ್ಲಿ ಅದೇ ಜನರ ಮಾತನ್ನೂ ಅಕ್ಕಪಕ್ಕ ಇಡಲಿ. ಕಾರ್ಣಿಕ ನಿಜವಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ನಾವು ಅದಕ್ಕೆ ಕಟ್ಟಿದ ಕಥೆ ಏನಾಯಿತೆಂದು ಅಲ್ಲಿ ನೋಡಬಹುದು.